ಜಮಖಂಡಿ ಸೀಮೆಯ ನಾಗರಿಕ ನಾಯಕತ್ವ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ಉಪವಿಭಾಗದಲ್ಲಿ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗಗಳಲ್ಲಿ, ಸಾರ್ವಜನಿಕ ಕೆಲಸಕ್ಕೆ ಮುಂದಾಳುಗಳು ತಯಾರಾದ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯ ನೀರುಂಡ ಈ ಸೀಮೆ ಕಬ್ಬು, ಬೆಲ್ಲ, ಸಕ್ಕರೆ, ಸೀರೆಗಳಿಗೆ ಹೆಸರಾದದ್ದು. ಇಲ್ಲಿಯ ಪುರಸಭೆಯಿಂದ ಹೊರಟ ಒಬ್ಬರು ದೇಶದ ಹಂಗಾಮಿ ರಾಷ್ಟ್ರಪತಿಯಾದರು. ಇನ್ನೊಬ್ಬರು ರೈತರಿಂದ ಪಟ್ಟಿ ಕೂಡಿಸಿ ನದಿಗೆ ಬ್ಯಾರೇಜ್ ಕಟ್ಟಿಸಿ, ಮಾಜಿ ಮುಖ್ಯಮಂತ್ರಿಯೊಬ್ಬರನ್ನು ಚುನಾವಣೆಯಲ್ಲಿ ಸೋಲಿಸಿದರು. ಇಬ್ಬರನ್ನೂ ರೂಪಿಸಿದ್ದು ನಾಯಕತ್ವದ ಶಿಬಿರಗಳಲ್ಲ, ನಾಲ್ಕು ಜನರ ಮುಂದೆ ಜಮಾ-ಖರ್ಚು ಒಪ್ಪಿಸಬೇಕಾದ ಸ್ಥಳೀಯ ಸಂಸ್ಥೆಗಳು.

ಹಿನ್ನೆಲೆ

ಇಂದು ಒಂದೇ ಉಪವಿಭಾಗಾಧಿಕಾರಿಯ ಕೈಕೆಳಗಿರುವ ಈ ಊರುಗಳು ಸ್ವಾತಂತ್ರ್ಯದ ಹೊತ್ತಿಗೆ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯಲ್ಲಿ 1811ರಿಂದ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರದು, ತೇರದಾಳ ದೂರದ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯ ಪಾಲಾಗಿತ್ತು. ಐದು ಹರದಾರಿ ನಡೆಯುವುದರೊಳಗೆ ಕಾಯಿದೆ ಬದಲಾಗುತ್ತಿತ್ತು, ಕಚೇರಿ ಬದಲಾಗುತ್ತಿತ್ತು. ಜನರಾಡುವ ಮಾತು ಕನ್ನಡ, ದರಬಾರಿನದು ಮರಾಠಿ. ಇಂಥಲ್ಲಿ ಊರಿಂದೂರಿಗೆ ಸಂಪರ್ಕ ಉಳಿಸಿದ್ದು ಸಂತೆ, ಜಾತ್ರೆ, ಮಠ ಮತ್ತು ಬೀಗತನ. ರಾಜಕೀಯ ಸಂಘಟನೆಗೆ ಈ ದಾರಿಗಳು ಸಾಲುತ್ತಿರಲಿಲ್ಲ. 1930ರ ದಶಕದಲ್ಲಿ ದಖ್ಖನದ ಸಂಸ್ಥಾನಗಳಲ್ಲಿ ಪ್ರಜಾ ಪರಿಷತ್ತುಗಳು ಜವಾಬ್ದಾರಿ ಸರ್ಕಾರ ಕೇಳತೊಡಗಿದಾಗಲೇ ಒಂದು ಸಂಸ್ಥಾನದ ಕಾರ್ಯಕರ್ತನಿಗೆ ಇನ್ನೊಂದರವನು ಬೇಕಾದದ್ದು.

1937ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜಮಖಂಡಿಯಲ್ಲಿ ನಡೆಯಿತು. ಅಧ್ಯಕ್ಷರು ವಿಜ್ಞಾನ ಬರಹಕ್ಕೆ ಹೆಸರಾದ ಬೆಳ್ಳಾವೆ ವೆಂಕಟನಾರಣಪ್ಪನವರು. ಮರಾಠಿ ದರಬಾರಿನ ಊರಿನಲ್ಲಿ ಕನ್ನಡದ ಅಷ್ಟು ದೊಡ್ಡ ಕೂಟ ಸೇರಿಸುವುದೆಂದರೆ ಚಪ್ಪರ, ಊಟ, ವಸತಿ, ವರ್ಗಣಿ ಎಲ್ಲವನ್ನೂ ಊರವರೇ ಹೊರಬೇಕಿತ್ತು. ಸಾಹಿತ್ಯ ಚರಿತ್ರೆ ಇದನ್ನು ಅಧ್ಯಕ್ಷರ ಹೆಸರಿನಿಂದ ನೆನೆಯುತ್ತದೆ. ಊರಿನ ಮಟ್ಟಿಗೆ ಅದು ಸ್ವಾಗತ ಸಮಿತಿಯ ಪರೀಕ್ಷೆ.

ಇದೇ ಕಾಲದಲ್ಲಿ ಕರ್ನಾಟಕದ ಇತರೆಡೆ ಮುಂದಾಳುಗಳನ್ನು ಬೇಕೆಂದೇ ತಯಾರು ಮಾಡುವ ಪ್ರಯತ್ನಗಳೂ ನಡೆದಿದ್ದವು. ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ, ಶಿಸ್ತಿನ ಸ್ವಯಂಸೇವಕರನ್ನು ಪಳಗಿಸಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಆ ಪಡೆ ದುಡಿಯಿತು. ಹರ್ಡೀಕರರು ಮುಂದೆ ನೆಲೆನಿಂತ ಘಟಪ್ರಭಾ ಮುಧೋಳದವರಿಗೆ ನೆರೆಯ ಊರೇ. ಹಳೆಯ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿಯು 1940ರ ದಶಕದ ಕೊನೆಗೆ ನಂಜನಗೂಡಿನಲ್ಲಿ ಆರಂಭಿಸಿದ ವಿದ್ಯಾಪೀಠಕ್ಕೆ ಡೆನ್ಮಾರ್ಕಿನ ಗ್ರುಂಡ್ಟ್ವಿಗ್ ಪ್ರೇರಿತ ಜನಶಾಲೆಗಳು ಮಾದರಿ. ಹಳ್ಳಿಯ ಹುಡುಗರು ಕೆಲವು ತಿಂಗಳು ಒಟ್ಟಿಗೆ ಇದ್ದು, ಕಲಿತು, ಊರಿಗೆ ಮರಳಿ ಮುಂದಾಳುಗಳಾಗಬೇಕೆಂಬುದು ಅದರ ಉದ್ದೇಶ. ಅಮೆರಿಕದ ನಗರಗಳಲ್ಲಿ ಇಂದು ಸಾಮಾನ್ಯವಾಗಿರುವ, 1969ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದಂಥ ವರ್ಷಾವಧಿಯ ನಾಯಕತ್ವ ಕಾರ್ಯಕ್ರಮಗಳಿಗಿಂತ ಇವು ಹಳೆಯವು. ಜಮಖಂಡಿ ಸೀಮೆಗೆ ಮಾತ್ರ ಅಂಥ ಶಾಲೆಯೊಂದು ಬರಲಿಲ್ಲ.

ಪುರಸಭೆಯಿಂದ ಹೊರಟ ಬಿ.ಡಿ. ಜತ್ತಿ

ಬಸಪ್ಪ ದಾನಪ್ಪ ಜತ್ತಿ (1912–2002) ಹುಟ್ಟಿದ್ದು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಹೂಡಿ, 1940ರಲ್ಲಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರು. ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿಪದವಿ, 1948ರಲ್ಲಿ ದಿವಾಣಗಿರಿ. ಕೊನೆಯ ದೊರೆ ಶಂಕರರಾವ್ ಪಟವರ್ಧನರ ವಿಶ್ವಾಸ ಉಳಿಸಿಕೊಂಡೇ ಸಂಸ್ಥಾನವನ್ನು ಭಾರತ ಒಕ್ಕೂಟಕ್ಕೆ ಸೇರಿಸುವ ಕೆಲಸ ಮುಗಿಸಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ದಿವಾಣರು ಮತ್ತೆ ಕರಿ ಕೋಟು ತೊಟ್ಟು ಕೋರ್ಟಿಗೆ ಹೋದರು. ಇಪ್ಪತ್ತು ತಿಂಗಳು ವಕೀಲಿ ಮಾಡಿದರು. ಆಮೇಲೆ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣ, ಬಿ.ಜಿ. ಖೇರರಿಗೆ ಸಂಸದೀಯ ಕಾರ್ಯದರ್ಶಿ, 1952ರ ಚುನಾವಣೆಯ ನಂತರ ಉಪಮಂತ್ರಿ.

ರಾಜ್ಯ ಪುನರ್ವಿಂಗಡಣೆಯಾಗಿ ಸೀಮೆ ಮೈಸೂರಿಗೆ ಸೇರಿದ ಮೇಲೆ ಜತ್ತಿ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. ಆ ಸಮಿತಿಯ ವರದಿಯೇ 1961ರ ಭೂಸುಧಾರಣಾ ಕಾಯಿದೆಗೆ ಬುನಾದಿ. 1958ರ ಮೇಯಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿ. ಆ ಅವಧಿಯ ಎರಡು ಕಾಯಿದೆಗಳು ನಮ್ಮ ವಿಷಯಕ್ಕೆ ಮುಖ್ಯ, ಅವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಒಂದು, ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಬೋರ್ಡುಗಳಿಗೆ ರಾಜ್ಯದುದ್ದಕ್ಕೂ ಒಂದೇ ರೂಪ ಕೊಟ್ಟ 1959ರ ಕಾಯಿದೆ. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗುಗಳಿಂದ ಬಂದ ಬೇರೆ ಬೇರೆ ಕಾಯಿದೆಗಳ ಜಾಗಕ್ಕೆ ಅದು ಬಂತು. ಇನ್ನೊಂದು, ಅದೇ ವರ್ಷದ ಸಹಕಾರ ಸಂಘಗಳ ಕಾಯಿದೆ. ತಿದ್ದುಪಡಿಗಳೊಂದಿಗೆ ಇಂದಿಗೂ ಚಾಲ್ತಿಯಲ್ಲಿದೆ. ಸಣ್ಣ ಸಂಸ್ಥಾನದ ಪುರಸಭೆಯಲ್ಲಿ ಕೆಲಸ ಕಲಿತವರ ಆಡಳಿತದಲ್ಲಿಯೇ ಇವೆರಡೂ ಬಂದದ್ದು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. 1964ರಲ್ಲಿ ಅವರು ಬೆಂಗಳೂರಿನಲ್ಲಿ ಬಸವ ಸಮಿತಿ ಸ್ಥಾಪಿಸಿದರು. 1974ರಲ್ಲಿ ಉಪರಾಷ್ಟ್ರಪತಿ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ.

ಶ್ರಮಬಿಂದು ಸಾಗರ

ಕೃಷ್ಣೆ ಮಳೆಗಾಲದಲ್ಲಿ ದಡ ಮೀರುತ್ತದೆ, ಬೇಸಿಗೆಯಲ್ಲಿ ಬತ್ತುತ್ತದೆ. ದಂಡೆಯ ಕಬ್ಬಿಗೆ ನೀರು ಬೇಕಾಗುವುದು ಬೇಸಿಗೆಯಲ್ಲೇ. ನದಿಗೆ ಅಡ್ಡಲಾಗಿ ಬಾಂದಾರ ಕಟ್ಟಿ, ಪ್ರವಾಹ ಇಳಿದ ಮೇಲೆ ಗೇಟು ಹಾಕಿ ನೀರು ಹಿಡಿದರೆ ಎರಡೂ ದಂಡೆಯ ಪಂಪ್‌ಸೆಟ್ಟುಗಳು ನಡೆಯುತ್ತವೆ. ಮಳೆಗಾಲ ಬರುವ ಮುಂಚೆ ಗೇಟು ತೆಗೆಯಬೇಕು. ತಂತ್ರ ಸರಳ, ಹಣವೇ ಕಷ್ಟ. 1980ರ ದಶಕದ ಕೊನೆಯಲ್ಲಿ ಕೃಷ್ಣಾ ತೀರ ರೈತ ಸಂಘದವರು ಸರ್ಕಾರದ ದಾರಿ ಕಾಯದೆ ತಾವೇ ಕಟ್ಟುವುದೆಂದು ನಿಶ್ಚಯಿಸಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜಮಖಂಡಿ–ವಿಜಯಪುರ ರಸ್ತೆ ನದಿ ದಾಟುವ ಚಿಕ್ಕಪಡಸಲಗಿಯಲ್ಲಿ, ರೈತರ ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ಬ್ಯಾರೇಜ್ ಎದ್ದಿತು. ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಸರ್ಕಾರದ ಹಣವಿಲ್ಲದೆ ರೈತರೇ ಕಟ್ಟಿದ ದೇಶದ ಮೊದಲ ಬ್ಯಾರೇಜ್ ಎಂದು ಇದು ಪ್ರಸಿದ್ಧ.

ಇದನ್ನು ಬರಿಯ ಉತ್ಸಾಹದ ಕತೆಯಾಗಿ ಹೇಳುವುದು ವಾಡಿಕೆ. ಕಟ್ಟಡಕ್ಕಿಂತ ಕಠಿಣವಾದದ್ದು ಅದರ ಹಿಂದಿನ ಒಪ್ಪಂದ. ಪಟ್ಟಿ ಕೊಟ್ಟವನ ಹೊಲಕ್ಕೂ ಕೊಡದವನ ಹೊಲಕ್ಕೂ ನದಿಯ ನೀರು ಒಂದೇ ಸಮ ನಿಲ್ಲುತ್ತದೆ. ದಂಡೆಗೆ ಹತ್ತಿದವನಿಗೂ ಎರಡು ಮೈಲು ಪೈಪು ಎಳೆದವನಿಗೂ ಲಾಭ ಒಂದೇ ಅಲ್ಲ. ಯಾರು ಎಷ್ಟು ಕೊಡಬೇಕು, ಕೊಡದವನನ್ನು ಹೇಗೆ ಒಪ್ಪಿಸಬೇಕು, ಬಂದ ದುಡ್ಡು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಊರೂರಿನ ಕಟ್ಟೆಯಲ್ಲಿ ಕುಳಿತು ಉತ್ತರ ಹೇಳಬೇಕು. ಜಾತ್ರೆಯ ಪಂಚಕಮಿಟಿಗಳಲ್ಲಿ ಪಟ್ಟಿ ಎತ್ತಿ, ಲೆಕ್ಕ ಓದಿ ರೂಢಿಯಾದ ಸೀಮೆ ಇದು. ಆ ರೂಢಿಯನ್ನೇ ನದಿಯ ಕೆಲಸಕ್ಕೆ ಹಚ್ಚಿದ್ದು ಸಂಘದ ಜಾಣತನ. ಮುಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬ್ಯಾರೇಜಿನ ಬುಡಕ್ಕೆ ಬಂದಾಗ, ಬೇಸಿಗೆಯಲ್ಲಿ ಆ ನೀರನ್ನು ಪಂಪಿನಿಂದ ಎತ್ತಿ ಬ್ಯಾರೇಜಿನ ಮೇಲ್ಭಾಗಕ್ಕೆ ಹಾಕುವ ಕೆಲಸಕ್ಕೂ ರೈತರು ಮತ್ತೆ ಹಣ ಕೂಡಿಸಿದರು. ಒಂದು ಸಲ ನಡೆದ ಪವಾಡವಾಗಿದ್ದರೆ ಎರಡನೆಯ ಸಲ ಪಟ್ಟಿ ಏಳುತ್ತಿರಲಿಲ್ಲ.

‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ನರಸಿಂಹರಾವ್ ಸರ್ಕಾರದಲ್ಲಿ ಕಲ್ಲಿದ್ದಲು ಖಾತೆಯ ಕಿರಿಯ ಸಚಿವರಾದರು. ಇಲ್ಲೊಂದು ವಿಚಿತ್ರವಿದೆ. ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಜಿಲ್ಲಾ ಪರಿಷತ್ ಕಾಯಿದೆಯನ್ನು ತಂದು, 1987ರಲ್ಲಿ ಚುನಾವಣೆ ನಡೆಸಿ, ಅಧಿಕಾರವನ್ನು ಹಳ್ಳಿಗೆ ಇಳಿಸಿದ್ದು ಹೆಗಡೆಯವರ ಸರ್ಕಾರವೇ. ವಿಕೇಂದ್ರೀಕರಣದ ಹರಿಕಾರರು ಸೋತದ್ದು ಹಳ್ಳಿಯಿಂದಲೇ ಎದ್ದ ಸಂಘಟಕನ ಎದುರು. ನ್ಯಾಮಗೌಡರು 2013 ಮತ್ತು 2018ರಲ್ಲಿ ಜಮಖಂಡಿಯಿಂದ ವಿಧಾನಸಭೆಗೆ ಆಯ್ಕೆಯಾದರು. ಎರಡನೆಯ ಗೆಲುವಿನ ಕೆಲವೇ ದಿನಗಳಲ್ಲಿ, 2018ರ ಮೇ 28ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಸೊಸೈಟಿ, ಮಗ್ಗ, ಮುಳುಗಡೆ

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಜಮಖಂಡಿ, ಮುಧೋಳಗಳ ಹಳ್ಳಿಗಳಲ್ಲಿ ಪಿ.ಕೆ.ಪಿ.ಎಸ್. ಎಂದು ಕರೆಯುವ ಸೊಸೈಟಿಗಳು ಆ ವಂಶದವು. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಚ್ಚು ಹಾಕಿಸಿದ ಅಹವಾಲನ್ನು ಹಂಚುತ್ತಾರೆ; ಸೆಕ್ರೆಟರಿ ಓದುತ್ತಾ ಹೋಗುತ್ತಾನೆ; ಯಾರೂ ಕೇಳುತ್ತಿಲ್ಲ ಅನ್ನುವಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ಗೊಬ್ಬರದ ಚೀಲದ ಬಾಬತ್ತು ಎತ್ತುತ್ತಾನೆ. ಅಧ್ಯಕ್ಷ ಅದಕ್ಕೆ ಉತ್ತರ ಕೊಡುವ ಬಗೆಯಲ್ಲೇ ಮುಂದಿನ ಪಂಚಾಯಿತಿ ಚುನಾವಣೆಯ ಪ್ಯಾನೆಲ್ ಅರ್ಧ ತೀರ್ಮಾನವಾಗಿರುತ್ತದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಸಂಸ್ಥೆಗಳ ಆಡಳಿತ ಮಂಡಳಿಗೆ ನಡೆಯುವ ಚುನಾವಣೆಯಂತೂ ವಿಧಾನಸಭೆಗೇನೂ ಕಡಿಮೆಯಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ನಿರ್ದೇಶಕ ಸ್ಥಾನಗಳು ಕೆಲವೇ ಮನೆತನಗಳಲ್ಲಿ ತಿರುಗುತ್ತವೆ, ಹೊಲವಿಲ್ಲದವನು ಷೇರುದಾರನೇ ಆಗಿರುವುದಿಲ್ಲ.

ರಬಕವಿ-ಬನಹಟ್ಟಿಯ ನೇಕಾರರಲ್ಲಿ ದಾರಿ ಬೇರೆ. ಅಲ್ಲಿ ಪೇಟೆಯ ದೈವ ಮಂಡಳಿಯ ಹಿರಿಯರು ಜಾತ್ರೆ ನಡೆಸುತ್ತಾರೆ, ಜಗಳ ಬಿಡಿಸುತ್ತಾರೆ. ವಿದ್ಯುತ್ ಮಗ್ಗದ ಕರೆಂಟು ದರ, ನೂಲಿನ ಬೆಲೆ, ಸಾಲ ಮನ್ನಾ, ಮಜೂರಿಯ ಪ್ರಶ್ನೆಗಳನ್ನು ಹಿಡಿದು ಬೀದಿಗಿಳಿಯುವವು ನೇಕಾರ ಸಂಘಗಳು. ಮಾಲೀಕನ ಬೀಮು ತಂದು ಕೂಲಿಗೆ ನೇಯುವವನ ಹಿತವೂ ಮಾಲೀಕನ ಹಿತವೂ ಎಲ್ಲ ಸಲ ಒಂದಾಗುವುದಿಲ್ಲ. ಒಂದೇ ಓಣಿಯಲ್ಲಿ, ಒಂದೇ ದೈವಕ್ಕೆ ನಡೆದುಕೊಳ್ಳುವ ಇಬ್ಬರ ನಡುವೆ ಮಜೂರಿ ಮಾತಾಡಿಸಬಲ್ಲವನೇ ಅಲ್ಲಿ ಮುಂದಾಳು.

ಬೀಳಗಿಯದು ಮುಳುಗಡೆಯ ಅನುಭವ. ಆಲಮಟ್ಟಿ ಹಿನ್ನೀರಿಗೆ ಜಮೀನು, ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವರಲ್ಲಿ ನೋಟಿಸು ಓದಬಲ್ಲ, ಹೆಚ್ಚುವರಿ ಪರಿಹಾರಕ್ಕೆ ಕೋರ್ಟಿನ ಕಾಗದ ಹೊಂದಿಸಬಲ್ಲ ತರುಣನೇ ಊರಿಗೆ ಆಧಾರವಾದ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಮೇಲೆ ಈ ಹೋರಾಟ ಸಮಿತಿಗಳಿಗೆ ಮತ್ತೆ ಕೆಲಸ ಬಂತು.

ತರಬೇತಿ ಮತ್ತು ಮಹಿಳೆಯರು

ಜಿಲ್ಲಾ ಪರಿಷತ್ ಕಾಯಿದೆಯಡಿ ನಡೆದ 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಗಿತ್ತು. 1993ರ ಪಂಚಾಯತ್ ರಾಜ್ ಕಾಯಿದೆ ಅದನ್ನು ಮೂರನೆಯ ಒಂದು ಭಾಗಕ್ಕೂ 2010ರ ತಿದ್ದುಪಡಿ ಅರ್ಧಕ್ಕೂ ಏರಿಸಿತು. ಸಾವಿರಾರು ಹೊಸ ಸದಸ್ಯೆಯರಿಗೆ ಕಲಿಸುವ ಹೊಣೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯದು. ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ ಕೂರಿಸಿ ಉಪಗ್ರಹದ ಮೂಲಕವೂ ಪಾಠ ಹೇಳಿದ್ದುಂಟು. 2016ರಲ್ಲಿ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಬಂತು. ಪಾಠ ಕೇಳಿದಷ್ಟರಿಂದ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಕೂರುವ ಗಂಡ ಎದ್ದುಹೋಗಲಿಲ್ಲ. ಆದರೆ 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಠರಾವು ಬರೆದು, ಸಾಲದ ಕಂತು ವಸೂಲಿ ಮಾಡಿ, ಬ್ಯಾಂಕ್ ಮ್ಯಾನೇಜರನ ಎದುರು ಪಾಸ್‌ಬುಕ್ ಇಟ್ಟು ಮಾತಾಡಿದ ಹೆಂಗಸಿಗೆ ಗ್ರಾಮಸಭೆ ಹೊಸದಾಗಿ ಕಾಣುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಂದಿಟ್ಟ ಬಿಲ್ಲಿಗೆ ಸಹಿ ಹಾಕುವ ಮುನ್ನ ಆಕೆ ಕೇಳುತ್ತಾಳೆ. ತರಬೇತಿ ಹತ್ತುವುದು ಇಂಥವರಿಗೆ.

ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಗೆ ಏರುವ ಏಣಿಯ ನಡುವಿನ ಮೆಟ್ಟಿಲುಗಳು ಇತ್ತೀಚೆಗೆ ಇಲ್ಲವಾಗಿವೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಗ್ರಾಮ ಪಂಚಾಯಿತಿಯಲ್ಲಿ ಹೆಸರು ಮಾಡಿದವರಿಗೆ ಅದರಾಚೆಗೆ ಕಾಣುವುದು ನೇರ ವಿಧಾನಸಭೆಯ ಟಿಕೆಟ್ಟು. ಅದು ದುಡ್ಡಿದ್ದವರ ಆಟ. ಹೀಗಾಗಿ ಜಮಖಂಡಿ ಸೀಮೆಯ ಉತ್ಸಾಹಿ ತರುಣರು ಮತ್ತೆ ಸೊಸೈಟಿ, ಸೌಹಾರ್ದ ಸಹಕಾರಿ, ಸಕ್ಕರೆ ಕಾರ್ಖಾನೆಗಳ ಚುನಾವಣೆಗೇ ನಾಮಪತ್ರ ಹಾಕುತ್ತಿದ್ದಾರೆ.