ನೆತ್ತರುಗೊಡಗೆ

ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಮಾತೊಂದಿದೆ. ಊರಿಗಾಗಿ ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ತುರುಗಳ್ಳರನ್ನು ಬೆನ್ನಟ್ಟಿ ಮಡಿದವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಕಾಯಲು ಹೋಗಿ ತಿರುಗಿ ಬಾರದವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಎಷ್ಟೋ ಕಡೆ ಆ ಕಲ್ಲಿನ ಮೇಲೆಯೇ ಗದ್ದೆಯ ಲೆಕ್ಕವನ್ನೂ ಕೆತ್ತಿಸಿದರು.

ವೀರಗಲ್ಲಿನ ಮುಂದೆ ನಿಂತವರು ಸಾಮಾನ್ಯವಾಗಿ ಚಿತ್ರ ನೋಡುತ್ತಾರೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ನನ್ನ ಕಣ್ಣು ನಿಲ್ಲುವುದು ಪಟ್ಟಿಕೆಗಳ ನಡುವಿನ ಅಕ್ಷರಗಳಲ್ಲಿ. ಸತ್ತವನಿಗೆ ಸ್ವರ್ಗವಾಯಿತು, ಸರಿ. ಅವನ ಹೆಂಡತಿ ಮಕ್ಕಳು ನಾಳೆ ಉಣ್ಣಬೇಕಲ್ಲ? ಕೊಟ್ಟದ್ದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂದು ಶಾಪ ಹಾಕಿಸಿದವರು ಮುಂದೊಂದು ದಿನ ತಮ್ಮವರೇ ಮರೆತಾರು ಎಂಬುದನ್ನು ಬಲ್ಲವರು.

ನೆತ್ತರುಗೊಡಗೆಯ ಅಕ್ಕ ಬಾಳ್ಗಳ್ಚು. ಬಾಳ್ ಎಂದರೆ ಕತ್ತಿ. ಅದನ್ನು ತೊಳೆಯುವ ಹೊತ್ತಿನ ಕೊಡುಗೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ, ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ಮಾತಿದೆ. ಬದುಕಿ ಬಂದವನಿಗೂ ಬಾಳ್ಗಳ್ಚು ಸಿಗುತ್ತಿತ್ತು; ಬಾರದವನ ಮನೆಗೆ ನೆತ್ತರುಗೊಡಗೆ. ಕೊಡಗೆ ಯುದ್ಧಕ್ಕೆ ಮಾತ್ರ ಮೀಸಲಾದ ಮಾತೂ ಅಲ್ಲ. ಕೆರೆ ಕಟ್ಟಿದವನಿಗೆ, ಒಡೆದ ಏರಿ ಸರಿಪಡಿಸಿದವನಿಗೆ ಬಿಟ್ಟ ಭೂಮಿ ಕಟ್ಟುಗೊಡಗೆ. ಬೆವರಿಗೂ ನೆತ್ತರಿಗೂ ಒಂದೇ ಮಾತನ್ನು ಹಚ್ಚಿದ ಆ ಜನರ ಬಗ್ಗೆ ನನಗೆ ತುಂಬಾ ಗೌರವ.

ಈಗ ನಮ್ಮ ಬಾಯಲ್ಲಿರುವುದು ಹುತಾತ್ಮ. ದೊಡ್ಡ ಮಾತು, ಆದರೆ ಅದು ಹೋದವನನ್ನಷ್ಟೇ ಹೇಳುತ್ತದೆ. ಉಳಿದವರು ಏನು ಮಾಡಬೇಕೆಂದು ಹೇಳುವುದಿಲ್ಲ. ಮೈಲಾರ ಮಹಾದೇವಪ್ಪ ಎಂದರೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದವರು, 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ನಡೆದವರು ಎಂದು ನೆನೆಯುತ್ತೇವೆ. ಅವರ ಪತ್ನಿ ಸಿದ್ಧಮ್ಮನವರೂ ಸ್ವಾತಂತ್ರ್ಯ ಚಳವಳಿಗಿಳಿದು ಸೆರೆಮನೆ ಕಂಡವರು. ಅವರ ಹೆಸರು ಎಷ್ಟು ಜನರ ನಾಲಗೆಯ ಮೇಲಿದೆ? ಅದೇ ಚಳವಳಿಯಲ್ಲಿ ಈಸೂರಿನ ಐವರು 1943ರಲ್ಲಿ ಗಲ್ಲಿಗೇರಿದರು. ಐದು ಹೆಸರು ಫಲಕದಲ್ಲಿ ಓದಲು ಸಿಗುತ್ತವೆ. ಆ ಐದು ಮನೆಗಳಲ್ಲಿ ಆ ವರ್ಷದ ಬಿತ್ತನೆ ಯಾರು ಮಾಡಿದರು ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ.

ನೆತ್ತರುಗೊಡಗೆ ಕೊಟ್ಟ ನಾಡಿನಲ್ಲೇ ಭೂಮಿಯನ್ನೇ ತೆತ್ತವರೂ ಇದ್ದಾರೆ. ಅಂಕೋಲಾ, ಸಿದ್ದಾಪುರದ ರೈತರು 1930ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡೆವು ಎಂದರು. ಜಮೀನು ಜಪ್ತಿಯಾಯಿತು, ಪಾತ್ರೆ ಪಗಡಿ ಹರಾಜಾಯಿತು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯ ಸೊತ್ತನ್ನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಆ ರೈತರಿಗೆ ಗದ್ದೆಯೇ ಅನ್ನ, ಮಕ್ಕಳ ನಾಳೆ; ಕಂದಾಯ ಕಟ್ಟಿದ್ದರೆ ಉಳಿಯುತ್ತಿತ್ತು ಎಂಬುದೂ ಗೊತ್ತಿತ್ತು. ಕಾಳಗದಲ್ಲಿ ಬೀಳುವುದು ಒಂದು ಗಳಿಗೆಯ ಮಾತು. ಕಣ್ಣೆದುರೇ ತಮ್ಮ ಹೊಲವನ್ನು ಬೇರೆಯವರು ಉಳುವುದನ್ನು ನೋಡುತ್ತ ವರ್ಷಗಟ್ಟಲೆ ಮಾತಿಗೆ ತಪ್ಪದೆ ಇರುವುದನ್ನು ನಾನು ಅದಕ್ಕಿಂತ ಕಡಿಮೆ ಎಂದು ಎಣಿಸಲಾರೆ. ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, 1938ರಲ್ಲಿ, ಜಪ್ತಿಯಾದ ಭೂಮಿಯನ್ನು ಮರಳಿಸುವ ಕಾಯಿದೆಯಾಯಿತು. ಅವರ ಪಾಲಿಗೆ ಬಂದ ಕೊಡಗೆ ಎಂದರೆ ಅವರದೇ ಹೊಲ.