ಕತ್ತಲೇ ಕಾಣದ ಕಪ್ಪು-ಬಿಳುಪು: ‘ಜೇಡರ ಬಲೆ’ ನಮ್ಮ ಫೋನಿಗೆ ಬಂದ ದಾರಿ

ಫೋನಿನಲ್ಲಿ ಹಳೆಯ ಕಪ್ಪು-ಬಿಳುಪು ಕನ್ನಡ ಸಿನಿಮಾ ಹಾಕಿದ್ರಿ ಅಂತ ಇಟ್ಕೊಳ್ರಿ. ರಾತ್ರಿ ದೃಶ್ಯ ಬಂತು. ಪರದೆ ತುಂಬ ಬೂದಿ ಬಣ್ಣದ ಚೌಕಗಳು ಕುಣಿಯುತ್ತವೆ, ಯಾರ ಮುಖವೂ ಸರಿಯಾಗಿ ಕಾಣೋದಿಲ್ಲ, ಮೇಲಿಂದ ಕೆಳಗೆ ಮಳೆ ಹೊಯ್ದಂಗ ಗೀರುಗಳು. ಎರಡು ನಿಮಿಷ ನೋಡಿ, ‘ಆಗ ಕ್ಯಾಮೆರಾ ಇದ್ದದ್ದೇ ಇಷ್ಟು ಬಿಡು’ ಅಂದು ರೀಲ್ಸ್ ಕಡೆ ಹೋಗ್ತೀರಿ. ನನ್ನ ತಕರಾರು ಇರೋದು ಆ ಮಾತಿನ ಮೇಲೆ. ಕ್ಯಾಮೆರಾ ಚೆನ್ನಾಗೇ ಇತ್ತು. ಕೆಟ್ಟದ್ದು ನಿಮ್ಮ ಕೈಗೆ ಬಂದ ನಕಲು.

ಈ ಏಟು ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ಕತ್ತಲನ್ನೇ ಬಂಡವಾಳ ಮಾಡಿಕೊಂಡ ಸಿನಿಮಾಗಳಿಗೆ. 1940ರ ದಶಕದ ಅಮೆರಿಕದ ಕೊಲೆ, ಮೋಸ, ಪತ್ತೇದಾರಿ ಚಿತ್ರಗಳನ್ನು ನೋಡಿದ ಫ್ರಾನ್ಸಿನ ವಿಮರ್ಶಕ ನಿನೋ ಫ್ರಾಂಕ್ 1946ರಲ್ಲಿ ಅವನ್ನು ‘ಫಿಲ್ಮ್ ನುವಾರ್’ ಎಂದು ಕರೆದರು. ಕಪ್ಪು ಸಿನಿಮಾ ಅಂತ ಅರ್ಥ. ಕಿಟಕಿ ಸರಳಿನ ನೆರಳು ಗೋಡೆ ಮೇಲೆ, ಒಂದೇ ದೀಪದ ಕೋಣೆ, ಅರ್ಧ ಮುಖಕ್ಕೆ ಬೆಳಕು, ಇನ್ನರ್ಧ ಕತ್ತಲಲ್ಲಿ. ಕನ್ನಡದಲ್ಲಿ ಆ ಹೆಸರಿನ ಪಂಥ ಬೆಳೆಯಲಿಲ್ಲ, ಆದರೆ ಒಬ್ಬ ಹತ್ತಿರದ ನೆಂಟ ಇದ್ದಾನೆ. 1968ರ ‘ಜೇಡರ ಬಲೆ’. ರಾಜಕುಮಾರ್ ಅದರಲ್ಲಿ ಸಿಐಡಿ 999. ಜೇಮ್ಸ್ ಬಾಂಡ್ ಹಾದಿಯ ಕಥೆ, ಆದರೆ ಪೂರ್ತಿ ಕಪ್ಪು-ಬಿಳುಪು. ಅದೇ ವರ್ಷ ಸಿಐಡಿ 999 ಗೋವಾಕ್ಕೂ ಹೋದ, ಮರುವರ್ಷ ‘ಆಪರೇಷನ್ ಜಾಕ್‌ಪಾಟ್’ ಕೂಡ ಮುಗಿಸಿದ. ನಿರ್ದೇಶಕರು ದೊರೈ–ಭಗವಾನ್ ಜೋಡಿ. ಇವರಲ್ಲಿ ದೊರೈರಾಜ್ ಮೂಲತಃ ಛಾಯಾಗ್ರಾಹಕರು ಅನ್ನೋದನ್ನ ನೆನಪಿಡಿ. ಬೆಳಕು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಅಂತ ಲೆಕ್ಕ ಹಾಕುವುದೇ ಅವರ ಕಸುಬು. ನಮ್ಮ ಫೋನಿಗೆ ಬರುವಷ್ಟರಲ್ಲಿ ಕಳೆದುಹೋಗಿರೋದು ಆ ಲೆಕ್ಕ.

ಈಗ ಸ್ವಲ್ಪ ತಾಂತ್ರಿಕ ಮಾತು, ಬೇಸರ ಮಾಡ್ಕೋಬ್ಯಾಡ್ರಿ. ಆಗಿನ ಸಿನಿಮಾ 35 ಎಂಎಂ ಫಿಲ್ಮಿನ ಮೇಲೆ, ಬೆಳ್ಳಿಯ ಕಣಗಳಲ್ಲಿ ಮೂಡುತ್ತಿತ್ತು. ಒಳ್ಳೆಯ ನೆಗೆಟಿವ್‌ನ ಒಂದೊಂದು ಚೌಕಟ್ಟನ್ನೂ ಇವತ್ತು 4ಕೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರೆ 1 ಕೋಟಿಗೂ ಮಿಕ್ಕಿ ಪಿಕ್ಸೆಲ್ ಆಗುತ್ತದೆ. ಕಪ್ಪಿನಿಂದ ಬಿಳುಪಿನವರೆಗೆ ನಡುವೆ ಬೂದಿಯ ಎಷ್ಟೋ ಮೆಟ್ಟಿಲುಗಳು ಅದರಲ್ಲಿ ಇರುತ್ತವೆ. ಆದರೆ ಮನೆ ವಿಡಿಯೊಗೆ ಬಂದದ್ದು ನೆಗೆಟಿವ್‌ನಿಂದ ಅಲ್ಲ. ಊರೂರು ಟಾಕೀಸು ಸುತ್ತಿ ಸವೆದ ಪ್ರಿಂಟನ್ನೇ ಎಷ್ಟೋ ಸಲ ಯಂತ್ರಕ್ಕೆ ಹಾಕಿ ಟೇಪಿಗೆ ಇಳಿಸಿದರು. ಟಾಕೀಸಿನ ಪ್ರಿಂಟು ತಯಾರಾಗಿದ್ದು ಪ್ರೊಜೆಕ್ಟರಿನ ಪ್ರಖರ ದೀಪಕ್ಕಾಗಿ. ಅದನ್ನ ಟಿವಿಗೆ ಇಳಿಸಿದಾಗ ನೆರಳಿನೊಳಗಿನ ವಿವರ ಎಲ್ಲ ಒಂದೇ ಕಪ್ಪು ಮುದ್ದೆ ಆಗುತ್ತದೆ.

ಆಮೇಲೆ ವಿಎಚ್‌ಎಸ್ ಕ್ಯಾಸೆಟ್. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ನಮ್ಮ ಅಗಡಿಯಲ್ಲೂ ಗಣೇಶ ಚೌತಿ ಬಂತಂದ್ರ ಕಲರ್ ಟಿವಿ, ವಿಸಿಪಿ ಬಾಡಿಗೆ ತರ್ತಿದ್ರು, ರಾತ್ರಿಯಿಡೀ ಮೂರು ಸಿನಿಮಾ. ನಡುವಿನ ಸಿನಿಮಾ ಹಿರಿಯರ ಸಲುವಾಗಿ ಕಪ್ಪು-ಬಿಳುಪಿಂದು. ಚಿತ್ರ ಅಲುಗಾಡಿದರ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸೋ ಹುಡುಗನೇ ಆವತ್ತಿನ ಹೀರೊ! ಆ ಕ್ಯಾಸೆಟ್ಟಿನ ಕಥೆ ಏನು ಗೊತ್ತೇನ್ರಿ? ವಿಎಚ್‌ಎಸ್ಸಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಕಾಪಿ ಹೊಡೆದಂತೆಲ್ಲ ಅದರಲ್ಲೂ ಮತ್ತಷ್ಟು ಸೋರಿಹೋಗುತ್ತದೆ.

ಇದೇ ಅಗಡಿಯ ಆನಂದವನದಿಂದ ಕಳೆದ ಶತಮಾನದ ಆರಂಭದಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಡುತ್ತಿತ್ತು, ಗಳಗನಾಥರು ಅದರ ಸಂಪಾದಕರಾಗಿದ್ದರು. ಅದರ ಒಂದು ಹಳೇ ಸಂಚಿಕೆ ಸಿಕ್ಕರೆ ಮರುಮುದ್ರಣ ಮಾಡಬಹುದು. ಹತ್ತು ಸಲ ಮರುಮುದ್ರಣ ಮಾಡಿದರೂ ಗಳಗನಾಥರ ಮಾತು ಗಳಗನಾಥರದ್ದೇ ಆಗಿ ಉಳಿಯುತ್ತದೆ. ಚಿತ್ರಕ್ಕೆ ಆ ಭಾಗ್ಯ ಇಲ್ಲ. ಟೇಪಿನ ಕಾಲದಲ್ಲಂತೂ ಪ್ರತಿ ನಕಲೂ ಒಂದು ಪದರ ಕೆರೆದುಕೊಂಡೇ ಮುಂದೆ ಹೋಗುತ್ತಿತ್ತು.

ಕ್ಯಾಸೆಟ್ ಹೋಗಿ ವಿಸಿಡಿ ಬಂತು. ಒಂದು ಡಿಸ್ಕಿಗೆ 74 ನಿಮಿಷ, ಹಂಗಾಗಿ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ಡಿಸ್ಕು. ಡಿಜಿಟಲ್ ಅಂದಕೂಡಲೇ ಎಲ್ಲರೂ ಖುಷಿಪಟ್ಟರು. ಕಪ್ಪು-ಬಿಳುಪಿಗೆ ಇದು ಕ್ಯಾಸೆಟ್ಟಿಗಿಂತ ದೊಡ್ಡ ಶತ್ರು ಅಂತ ನನ್ನ ಅಭಿಪ್ರಾಯ. ವಿಸಿಡಿಯ ಚೌಕಟ್ಟು 352×288, ಅಂದ್ರೆ ಸುಮಾರು 1 ಲಕ್ಷ ಪಿಕ್ಸೆಲ್. ಆ 4ಕೆ ಸ್ಕ್ಯಾನಿನ ನೂರರಲ್ಲಿ ಒಂದು ಪಾಲೂ ಇಲ್ಲ. ಅದನ್ನೂ ಡಿಸ್ಕಿಗೆ ತುರುಕಲು ಎಂಪೆಗ್-1 ಅನ್ನೋ ವಿಧಾನ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ‘ಇಲ್ಲೇನೂ ವಿಶೇಷ ಇಲ್ಲ’ ಅನಿಸಿದ ಕಡೆ ವಿವರ ಬಿಸಾಡುತ್ತದೆ. ಆ ಯಂತ್ರಕ್ಕೆ ಹೆಚ್ಚಾಗಿ ವಿಶೇಷ ಇಲ್ಲ ಅನಿಸೋದು ಎಲ್ಲಿ? ಕತ್ತಲಲ್ಲಿ! ಛಾಯಾಗ್ರಾಹಕ ತಾಸುಗಟ್ಟಲೆ ನಿಂತು ಹದಗೊಳಿಸಿದ ನೆರಳನ್ನೇ ಅದು ಮೊದಲು ಬಿಸಾಡೋದು. ನೀವು ನೋಡಿದ ಆ ಕುಣಿಯೋ ಚೌಕಗಳು ಇವೇ. ಇವತ್ತು ಆನ್‌ಲೈನ್‌ನಲ್ಲಿ ‘ಎಚ್‌ಡಿ’ ಅಂತ ಹೆಸರಿಟ್ಟುಕೊಂಡಿರೋ ಎಷ್ಟೋ ಹಳೇ ಸಿನಿಮಾಗಳು ಇಂಥ ಟೇಪು, ಡಿಸ್ಕುಗಳನ್ನೇ ಹಿಗ್ಗಿಸಿದವು. ಹಿಗ್ಗಿಸಿದರೆ ಚೌಕ ದೊಡ್ಡದಾಗುತ್ತದೆ, ಮುಖ ಕಾಣಿಸೋದಿಲ್ಲ. ತಮಾಷೆ ಅಂದ್ರೆ ನಿಮ್ಮ ಕೈಲಿರೋ ಫೋನಿನ ಅಮೊಲೆಡ್ ಪರದೆ ಕಪ್ಪನ್ನ ನಿಜವಾದ ಕಪ್ಪಾಗಿ ತೋರಿಸಬಲ್ಲದು. ಹಳೇ ಡಬ್ಬಾ ಟಿವಿಗೆ ಅಷ್ಟು ತಾಕತ್ತು ಇರಲಿಲ್ಲ. ಪರದೆ ತಯಾರಾಗಿದೆ, ಅದಕ್ಕೆ ಹಾಕೋ ಮಾಲು ಇಲ್ಲ.

ಹಾಳಾದದ್ದು ಚಿತ್ರ ಒಂದೇ ಅಲ್ಲ. ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್ ಆಗಿತ್ತು, ಅದಕ್ಕೆ ಸೆಕೆಂಡಿಗೆ 25 ಬೇಕಿತ್ತು. ಸುಲಭದ ಉಪಾಯ ಅಂದ್ರೆ ಸಿನಿಮಾವನ್ನೇ ಸುಮಾರು ಶೇ 4ರಷ್ಟು ಜೋರಾಗಿ ಓಡಿಸೋದು. ಎರಡೂವರೆ ತಾಸಿನ ಸಿನಿಮಾ ಹಿಂಗ 6 ನಿಮಿಷ ಮೊದಲೇ ಮುಗಿಯುತ್ತದೆ. ದನಿಯೂ ಮೇಲೇರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಇರುವ ದೂರದ ಹತ್ತಿರ ಹತ್ತಿರ ಮುಕ್ಕಾಲು ಭಾಗ. ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನ ಹಾಡಿದ ಕನಕದಾಸರ ಮೇಲೆ 1960ರಲ್ಲಿ ‘ಭಕ್ತ ಕನಕದಾಸ’ ಬಂತು. ರಾಜಕುಮಾರ್‌ಗೆ ಪಿ.ಬಿ. ಶ್ರೀನಿವಾಸರ ದನಿ. ಆ ಮಂದ್ರದ ಮೆತ್ತನೆ ದನಿ ಪಾಲ್ ಟೇಪಿನಿಂದ ಬಂದ ಪ್ರತಿಯಲ್ಲಿ ತೆಳ್ಳಗೆ ಕೇಳಿದರೆ ಹಾಡಿದವರ ತಪ್ಪಲ್ಲ. ಕಿವಿ ಇದ್ದವರು ಇದನ್ನ ಹಿಡೀತಾರೆ, ಚಿತ್ರದ ಚೌಕಗಳಿಗಿಂತ ಮೊದಲು.

ಇನ್ನು ಕತ್ತರಿ. ಆ ಕಾಲದ ಚೌಕಟ್ಟು ಹೆಚ್ಚುಕಡಿಮೆ ಚೌಕ. ಎತ್ತರ 1 ಇದ್ದರೆ ಅಗಲ 1.37. ಫೋನನ್ನ ಅಡ್ಡ ಹಿಡಿದಾಗ ಎರಡೂ ಬದಿಗೆ ಕರಿ ಪಟ್ಟಿ ಬರಬೇಕು, ಬರೋದೇ ಸರಿ. ಪಟ್ಟಿ ಕಂಡರೆ ಬೈಬೇಡಿ. 16:9 ಪರದೆ ತುಂಬಲಿ ಅಂತ ಮೇಲೆ-ಕೆಳಗೆ ಕತ್ತರಿಸಿದರೆ ಚಿತ್ರದ ಶೇ 23ರಷ್ಟು ಹೋಗುತ್ತದೆ, ಸಿನಿಮಾಸ್ಕೋಪ್ ಅಗಲಕ್ಕೆ ಹಿಗ್ಗಿಸಿ ಕತ್ತರಿಸಿದರೆ ಶೇ 40ಕ್ಕೂ ಹೆಚ್ಚು. ತಲೆ ಇಲ್ಲದ ಕಿರೀಟ, ಕಾಲಿಲ್ಲದ ಕುಣಿತ.

ಬಣ್ಣ ಹಚ್ಚುವ ವಿಷಯ ಬಂದೇ ಬರುತ್ತದೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಚ್ಚಿ 2008ರಲ್ಲಿ ಮತ್ತೆ ಬಿಡುಗಡೆ ಮಾಡಿದರು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂತು. ಅದೂ ದೊರೈ–ಭಗವಾನರದೇ. ಜನ ಥೇಟರಿಗೆ ಬಂದರು, ಹೊಸ ತಲೆಮಾರು ನೋಡಿತು, ಸಂತೋಷ. ಆದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ರಿ, ಬಣ್ಣ ಭಾಳ, ಖಾರ ಕಮ್ಮಿ. ಅಡಿಗೆಗೆ ಅದು ಗುಣ, ಸಿನಿಮಾಕ್ಕೆ ಅಲ್ಲ. ಹರಿಶ್ಚಂದ್ರ ಕಾಯುವ ಸ್ಮಶಾನದಲ್ಲಿ ಎಲ್ಲಕ್ಕೂ ಬಣ್ಣ ಬಂದಮೇಲೆ ಆ ಕತ್ತಲಿನ ಖಾರ ಎಲ್ಲಿಂದ ಬರಬೇಕು? ಬಣ್ಣದ್ದು ಇರಲಿ, ಅದರ ಪಕ್ಕದಲ್ಲೇ ಶುಚಿಗೊಳಿಸಿದ ಕಪ್ಪು-ಬಿಳುಪಿನ ಪ್ರತಿಯೂ ಸಿಗಲಿ ಅನ್ನೋದಷ್ಟೇ ನನ್ನ ಬೇಡಿಕೆ.

ಇದು ಆಗುವ ಕೆಲಸವೇ? ಆಗಿದೆ. ಎಡ್ಗರ್ ಉಲ್ಮರ್ 1945ರಲ್ಲಿ ಕಡಿಮೆ ದುಡ್ಡಿನಲ್ಲಿ ಮಾಡಿದ ‘ಡೀಟೂರ್’ ಅನ್ನೋ ನುವಾರ್ ಚಿತ್ರದ ಹಕ್ಕು ಯಾರ ಕೈಯಲ್ಲೂ ಉಳಿಯಲಿಲ್ಲ. ಸಿಕ್ಕಸಿಕ್ಕವರು ಸಿಕ್ಕಸಿಕ್ಕ ಹಾಳು ಪ್ರಿಂಟಿನಿಂದ ಕ್ಯಾಸೆಟ್ ಮಾಡಿ ಮಾರಿದರು. ಅದರ ಹರಕು ಮುರುಕೇ ಅದರ ಶೈಲಿ ಅಂತ ಜನ ನಂಬುವಷ್ಟಾಯಿತು. ಬೆಲ್ಜಿಯಂನ ಸಂಗ್ರಹಾಲಯದಲ್ಲಿದ್ದ ಒಳ್ಳೆಯ ಪ್ರತಿಯ ಆಧಾರದ ಮೇಲೆ 2018ರಲ್ಲಿ ಅದನ್ನು ಮತ್ತೆ ಕಟ್ಟಿದಾಗ ಮಂಜು, ರಾತ್ರಿ, ಬೆವರು ಎಲ್ಲ ಬೇರೆ ಬೇರೆಯಾಗಿ ಕಂಡವು. ನಮ್ಮಲ್ಲೂ ಒಂದು ಆಗಿದೆ. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’. ಛಾಯಾಗ್ರಹಣ ಎಸ್. ರಾಮಚಂದ್ರ. ಅದರ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಅದಕ್ಕೆ ಜೀವ ಕೊಟ್ಟವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಎಲ್ಲದರ ಗುಟ್ಟು ‘ನೆಗೆಟಿವ್ ಉಳಿದಿತ್ತು’ ಅನ್ನೋ ಎರಡು ಪದದಲ್ಲಿದೆ. 50, 60ರ ದಶಕದ ಕನ್ನಡ ಸಿನಿಮಾಗಳು ಬಹುಪಾಲು ತಯಾರಾದದ್ದು ಮದ್ರಾಸಿನಲ್ಲಿ, ತೊಳೆದದ್ದೂ ಅಲ್ಲಿಯ ಲ್ಯಾಬುಗಳಲ್ಲೇ. ಎಷ್ಟೋ ಪ್ರಿಂಟುಗಳನ್ನ ನೇರ ನೆಗೆಟಿವ್‌ನಿಂದಲೇ ತೆಗೆತೆಗೆದು ನೆಗೆಟಿವ್ ಸವೆಯಿತು. ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ನಮ್ಮ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’, ಇವತ್ತು ಯಾವ ಗುಣಮಟ್ಟದಲ್ಲೂ ಸಿಗೋದಿಲ್ಲ. ಅದರ ಪ್ರಿಂಟೇ ಉಳಿದಿಲ್ಲ.

ಹಂಗಾಗಿ ಕೇಳುಗರಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಟೂರಿಂಗ್ ಟಾಕೀಸು ನಡೆಸಿದವರು, ಪ್ರೊಜೆಕ್ಟರ್ ಓಡಿಸಿದವರು, ಹಂಚಿಕೆ ಮಾಡಿದವರು ಇದ್ದರೆ ಅಟ್ಟದ ಮೇಲೆ ತಗಡಿನ ದುಂಡು ಡಬ್ಬಿ ಇದಾವೇನು ನೋಡ್ರಿ. ಮುಚ್ಚಳ ತೆಗೆದಾಗ ವಿನೆಗರ್ ಥರ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಅಂತ ಅರ್ಥ, ಸತ್ತಿದೆ ಅಂತಲ್ಲ. ಗುಜರಿಗೆ ಹಾಕಬ್ಯಾಡ್ರಿ. ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಅಂತ ಅಚ್ಚಾಗಿರದಿದ್ದರೆ ಬೆಂಕಿಯಿಂದ ದೂರ ಇಡ್ರಿ, ತೀರ ಹಳೆಯ ನೈಟ್ರೇಟ್ ಫಿಲ್ಮು ಭಗ್ಗನೆ ಹೊತ್ತಿಕೊಳ್ಳುತ್ತದೆ. ತಂಪಾದ, ಒಣಗಿದ ಜಾಗದಲ್ಲಿಟ್ಟು, ಡಬ್ಬಿ ಮೇಲಿನ ಹೆಸರು ಬರೆದುಕೊಂಡು ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ ಹಾಕ್ರಿ.