ಹಳೆಯ ದಿವಾಳಿ, ಹೊಸ ಮನೆಸಾಲ: ಅಮೆರಿಕದ ದಂಪತಿಗಳ ಅರ್ಜಿಯಲ್ಲಿ ಋಣವೂ ಚರಿತ್ರೆಯೂ

ಗಂಡನೋ ಹೆಂಡತಿಯೋ ಹಿಂದೊಮ್ಮೆ ದಿವಾಳಿಯಾಗಿದ್ದರೆ ಅಮೆರಿಕದಲ್ಲಿ ಆ ದಂಪತಿಗೆ ಮನೆಸಾಲ ಹುಟ್ಟುವುದಿಲ್ಲ ಎಂಬ ಮಾತಿದೆ. ಈ ಮಾತಿನಲ್ಲಿ ಎರಡು ಸಂಗತಿಗಳು ಕಲೆತುಹೋಗಿವೆ: ಆ ವ್ಯಕ್ತಿ ಇಂದು ತೀರಿಸಬೇಕಾದ ಋಣ ಒಂದು, ಹಿಂದೆ ತೀರಿಸಲಾಗದೆ ಹೋದ ಚರಿತ್ರೆ ಇನ್ನೊಂದು. ಋಣವನ್ನು ಸಂಸಾರದ ಲೆಕ್ಕಕ್ಕೆ ಹಿಡಿಯಲು ಕಾರಣವಿದೆ, ಚರಿತ್ರೆಯನ್ನು ಸಂಗಾತಿಯ ತಲೆಗೆ ಕಟ್ಟಲು ಇಲ್ಲ. ಅಲ್ಲಿನ ಕಾನೂನು ಈ ಭೇದವನ್ನು ಒಪ್ಪಿಕೊಂಡಿದೆ. ಆದರೆ ಎರಡು ಸಂಬಳ ಸೇರದೆ ಮನೆ ಕೊಳ್ಳಲಾಗದ ಕುಟುಂಬದ ವಿಷಯದಲ್ಲಿ ಅದನ್ನು ಕೈಬಿಟ್ಟಿದೆ ಎಂಬುದು ನನ್ನ ವಾದ.

ಪ್ರಾಮಾಣಿಕ ಸಾಲಗಾರನಿಗೆ ಹೊಸ ಬದುಕು ಸಿಗಬೇಕೆಂಬ ತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1934ರಲ್ಲೇ, ಲೋಕಲ್ ಲೋನ್ ಕಂಪನಿ ಮತ್ತು ಹಂಟ್ ನಡುವಿನ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. 1974ರ ಸಮಾನ ಸಾಲಾವಕಾಶ ಕಾಯ್ದೆಯ ಪ್ರಕಾರ, ಒಬ್ಬರ ಆದಾಯವೇ ಸಾಲಕ್ಕೆ ಸಾಕಾಗುವಾಗ ಸಾಲಪತ್ರಕ್ಕೆ ಸಂಗಾತಿಯೂ ಸಹಿ ಹಾಕಲೇಬೇಕೆಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ಇನ್ನೂ ಸೂಕ್ಷ್ಮವಾದ ಸಾಕ್ಷ್ಯ ಸಾಲಗಳಿಗೆ ಸರ್ಕಾರಿ ವಿಮೆ ಕೊಡುವ ಎಫ್‌ಎಚ್‌ಎ ನಿಯಮಗಳಲ್ಲಿದೆ. ದಾಂಪತ್ಯದ ಗಳಿಕೆ ಇಬ್ಬರದೂ ಎನ್ನುವ 9 ರಾಜ್ಯಗಳಿವೆ. ಕನ್ನಡಿಗರು ಸಾಕಷ್ಟು ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯ, ಟೆಕ್ಸಸ್‌ಗಳೂ ಅವುಗಳಲ್ಲಿ ಸೇರಿವೆ. ಅಲ್ಲಿ ಅರ್ಜಿ ಹಾಕದ ಸಂಗಾತಿಯ ಸಾಲಗಳನ್ನೂ ಅರ್ಜಿದಾರರ ತಿಂಗಳ ಹೊರೆಗೆ ಕೂಡಿಸುತ್ತಾರೆ, ಆದರೆ ಆ ಸಂಗಾತಿಯ ಕ್ರೆಡಿಟ್ ಚರಿತ್ರೆಯನ್ನು ಮುಂದಿಟ್ಟು ಅರ್ಜಿ ತಳ್ಳಿಹಾಕುವಂತಿಲ್ಲ. ಋಣ ಬೇರೆ, ಚರಿತ್ರೆ ಬೇರೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಇಬ್ಬರೂ ಸೇರಿ ಅರ್ಜಿ ಹಾಕಿದ ಕೂಡಲೇ ಈ ವಿವೇಕ ಮಾಯವಾಗುತ್ತದೆ. ದಿವಾಳಿ ಕಾನೂನಿನಲ್ಲಿ ಆಸ್ತಿ ಮಾರಿ ಸಾಲ ತೀರಿಸಿ ಉಳಿದದ್ದನ್ನು ಮನ್ನಾ ಮಾಡುವ ಚಾಪ್ಟರ್ 7ರ ದಿವಾಳಿಯಲ್ಲಿ ಋಣಮುಕ್ತಿಯ ಆದೇಶ ಬಂದ ಮೇಲೆ ಎಫ್‌ಎಚ್‌ಎ ಸಾಲಕ್ಕೆ ಸಾಮಾನ್ಯವಾಗಿ 2 ವರ್ಷ, ಬ್ಯಾಂಕುಗಳಿಂದ ಮನೆಸಾಲ ಕೊಳ್ಳುವ ಸಂಸ್ಥೆ ಫ್ಯಾನಿ ಮೇ ಕೊಳ್ಳುವ ಸಾಲಕ್ಕೆ 4 ವರ್ಷ ಕಾಯಬೇಕು. ಕಾದದ್ದಾಯಿತು ಎನ್ನೋಣ. ಸಾಲ ತೀರಿಸಿದ ಚರಿತ್ರೆಯನ್ನು ಅಳೆಯುವ ಕ್ರೆಡಿಟ್ ಸ್ಕೋರ್ ಹೆಂಡತಿಯದು 760, ಗಂಡನದು 570 ಇದ್ದರೆ ಎಫ್‌ಎಚ್‌ಎ ಹಿಡಿಯುವುದು 570ನ್ನು. 580ಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಬೇಕಾದ ಮೊತ್ತ ಶೇ. 3.5ರಿಂದ ಶೇ. 10ಕ್ಕೆ ಏರುತ್ತದೆ. 4 ಲಕ್ಷ ಡಾಲರಿನ ಮನೆಗೆ 14 ಸಾವಿರ ಡಾಲರ್ ಸಾಕಾಗುತ್ತಿದ್ದಲ್ಲಿ 40 ಸಾವಿರ ಬೇಕು. ಗಂಡನ ಹೆಸರು ಬಿಟ್ಟರೆ ಅವನ ಸಂಬಳವನ್ನೂ ಬಿಡಬೇಕು. ಹೆಂಡತಿಯೊಬ್ಬಳ ದುಡಿಮೆಯೇ ಸಾಕಾಗುವ ಮನೆಗೆ ಈ ನಿಯಮ ತಟ್ಟುವುದೇ ಇಲ್ಲ. ತಟ್ಟುವುದು ಇಬ್ಬರೂ ದುಡಿದರಷ್ಟೇ ಸಾಗುವ ಮನೆಗೆ.

ಒಮ್ಮೆ ಎಡವಿದವರು ಮತ್ತೆ ಎಡವಬಹುದು, ಅಪಾಯಕ್ಕೆ ತಕ್ಕ ಎಚ್ಚರ ಬೇಡವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕಾಯುವ ಅವಧಿ ಇರುವುದೇ ಆ ಎಚ್ಚರಕ್ಕಾಗಿ. ದಿವಾಳಿಯ ದಾಖಲೆ 10 ವರ್ಷದವರೆಗೆ ಕ್ರೆಡಿಟ್ ವರದಿಯಲ್ಲಿ ಉಳಿದು ಸ್ಕೋರನ್ನು ತಗ್ಗಿಸುವುದರಿಂದ, ಅವಧಿ ಮುಗಿದ ಮೇಲೂ ಅದೇ ಘಟನೆಗೆ ಎರಡನೆಯ ಸಲ ಬೆಲೆ ತೆರಬೇಕಾಗುತ್ತದೆ, ಅದೂ ದಿವಾಳಿಯಾಗದ ಸಂಗಾತಿಯ ಪಾಲನ್ನೂ ಸೇರಿಸಿ. ಒಮ್ಮೆ ಚಾಪ್ಟರ್ 7ರಲ್ಲಿ ಋಣಮುಕ್ತಿ ಪಡೆದವರು ಮೊದಲ ಅರ್ಜಿಯ ದಿನದಿಂದ 8 ವರ್ಷದೊಳಗೆ ಅದೇ ದಾರಿ ಹಿಡಿದು ಮತ್ತೆ ಪಡೆಯಲಾರರು ಎಂಬುದನ್ನೂ ಸಾಲ ಕೊಡುವವರು ನೆನೆಯಬೇಕು. ಸಡಿಲಿಸಿದರೆ 2008ರ ಕುಸಿತ ಮರುಕಳಿಸೀತೆಂಬ ಭಯಕ್ಕೂ ಉತ್ತರವಿದೆ. ಆಗ ಅನಾಹುತಕ್ಕೆ ದಾರಿ ಮಾಡಿದ್ದು ಆದಾಯವನ್ನೇ ಪರಿಶೀಲಿಸದೆ ಹಂಚಿದ ಸಾಲಗಳು. ಇಲ್ಲಿ ಕೇಳುತ್ತಿರುವುದು ದಾಖಲೆಯಿರುವ ಸಂಬಳವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದಷ್ಟೆ. ಸಹಸಾಲಗಾರರ ಸ್ಕೋರುಗಳ ಸರಾಸರಿ ನೋಡುವ ಪದ್ಧತಿಯನ್ನು ಫ್ಯಾನಿ ಮೇ 2021ರಲ್ಲಿ ಅರ್ಹತೆಯ ಮಟ್ಟಿಗೆ ತಂದಿತು. ಎಫ್‌ಎಚ್‌ಎ ಅದೇ ಹಾದಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಇಬ್ಬರ ಆದಾಯದ ಪಾಲಿಗೆ ತಕ್ಕಂತೆ ಸ್ಕೋರನ್ನು ತೂಗಬೇಕು.

ಅಲ್ಲಿಯವರೆಗೆ ದಂಪತಿಗಳು ಸಾಲಪತ್ರವನ್ನೂ ಹಕ್ಕುಪತ್ರವನ್ನೂ ಬೇರೆಬೇರೆಯಾಗಿ ನೋಡುವುದು ಒಳ್ಳೆಯದು. ಸಾಲ ಒಬ್ಬರ ಹೆಸರಿನಲ್ಲೇ ಇದ್ದರೂ, ಅವರು ವಾಸವಿರುವ ಮನೆಯ ಒಡೆತನಕ್ಕೆ ಆಮೇಲೆ ಸಂಗಾತಿಯನ್ನು ಸೇರಿಸಿಕೊಂಡರೆ, ಅದೊಂದೇ ಕಾರಣಕ್ಕೆ ಪೂರ್ತಿ ಸಾಲವನ್ನು ತಕ್ಷಣ ಕಟ್ಟಿರೆಂದು ಬ್ಯಾಂಕು ಕೇಳುವುದನ್ನು 1982ರ ಗಾರ್ನ್–ಸೇಂಟ್ ಜರ್ಮೈನ್ ಕಾಯ್ದೆ ತಡೆಯುತ್ತದೆ.